ಕಾಲೇಜು ನೋಡೋ ಶಾಸ್ತ್ರ

ಅಂಜಿನಮ್ಮನನ್ನು ನೋಡಿ ಹೋದ ಗಂಡಿನ ಕಡೆಯವರ ಲೆಕ್ಕ ಇಡುವುದನ್ನು ಅವಳ ಅಪ್ಪ ಚಿಕ್ಕವೆಂಕಟಪ್ಪ ಬಿಟ್ಟು ಬಹಳ ಕಾಲವಾಗಿತ್ತು. ಬಂದವರೆಲ್ಲ ಜಡಿಗೇನಹಳ್ಳಿಯ ಆ ಮನೆಯ ಪಡಸಾಲೆಯಲ್ಲಿ ಕೂತರು, ಉಪ್ಪಿಟ್ಟು ತಿಂದರು, ಕಾಫಿ ಕುಡಿದರು. ಹುಡುಗಿಯ ಎತ್ತರವನ್ನು ಒಮ್ಮೆ, ಅವಳ ಎಂ.ಎಸ್ಸಿ.ಯನ್ನು ಒಮ್ಮೆ ಕಣ್ಣಲ್ಲೇ ಅಳೆದರು. ಆಮೇಲೆ “ಊರಿಗೆ ಹೋಗಿ ಕಾಗದ ಹಾಕ್ತೀವಿ” ಎಂದು ಎದ್ದು ಹೋದರು. ಒಂದು ಕಾಗದವಾದರೂ ಬಂತೇ? ಇಲ್ಲ. ಹುಡುಗಿ ಹಿಡಿಸಲಿಲ್ಲ ಎಂದು ಮುಖಕ್ಕೆ ಹೇಳಿ ಹೋಗುವ ಗಂಡಸುತನ ಅಷ್ಟು ಜನ ಗಂಡಸರಲ್ಲಿ ಒಬ್ಬನಿಗೂ ಇರಲಿಲ್ಲ.

ಹೋಗಲಿ ಬಿಡಿ, ಅವರ ಮನೆ ಹಾಳಾಗ. ಅಂಜಿನಮ್ಮ ಹೊನ್ನೇನಹಳ್ಳಿಯ ಗ್ರಾಮಾಂತರ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕಿಯಾದಳು. ಕಾಲೇಜಿಗೆ ಜಮೀನು ಕೊಟ್ಟ ಬೈಲಪ್ಪನವರ ಮನೆಯ ಒಂದು ಕೋಣೆಯಲ್ಲೇ ಇದ್ದಳು. ಅವರನ್ನು ದೊಡ್ಡಪ್ಪ ಎಂದೂ ಅವರ ಹೆಂಡತಿ ಸೊಣ್ಣಮ್ಮನನ್ನು ದೊಡ್ಡಮ್ಮ ಎಂದೂ ಕರೆಯುತ್ತಿದ್ದಳು. ನೆಂಟಸ್ತಿಕೆ ಏನೂ ಇರಲಿಲ್ಲ, ಒಂದೇ ಒಲೆಯ ಅನ್ನ ಉಂಡು ಉಂಡು ಬಂದ ವರಸೆ ಅದು. ಬೇರೆ ಹುಡುಗಿಯರು ಗಂಡನ ಕನಸು ಕಾಣುವ ವಯಸ್ಸಿನಲ್ಲಿ ಇವಳು ರಾಗಿಗೆ ಬರುವ ಬೆಂಕಿರೋಗದ ಕನಸು ಕಾಣುತ್ತಿದ್ದಳು. ಚೆನ್ನಾಗಿ ಬಂದ ಪೈರು ಇನ್ನೇನು ಕೊಯ್ಲಿಗೆ ಬಂತು ಅನ್ನುವಾಗ ತೆನೆಯ ಕತ್ತು ಕಪ್ಪಾಗಿ ಮುರಿದು ಜೊಳ್ಳಾಗಿಬಿಡುತ್ತದಲ್ಲ, ಅದು. ಕಾಲೇಜಿನ ಹಿಂದಿನ ಒಂದು ತುಂಡು ಹೊಲದಲ್ಲಿ ರೋಗ ಬಂದ ರಾಗಿ, ಬಾರದ ರಾಗಿ ಎರಡನ್ನೂ ಬೆಳೆಸಿಕೊಂಡು ಕೂತಿದ್ದಳು. ಕಾಲೇಜಿನಲ್ಲಿದ್ದ ಒಂದೇ ಒಂದು ಮೈಕ್ರೋಸ್ಕೋಪಿನಲ್ಲಿ ಇಣುಕಿ ಇಣುಕಿ ಕಣ್ಣು ಕೆಂಪಾಗುತ್ತಿತ್ತೇ ಹೊರತು ಬೇಕಾದ್ದು ಕಾಣುತ್ತಿರಲಿಲ್ಲ.

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷ ಅದು. ನಮ್ಮ ವಿಶ್ವವಿದ್ಯಾಲಯವೊಂದು ಕೆನಡಾ ದೇಶದ ಒಂದು ವಿಶ್ವವಿದ್ಯಾಲಯದ ಜೊತೆ ಒಪ್ಪಂದ ಮಾಡಿಕೊಂಡಿತು. ಯಾವ ವಿಶ್ವವಿದ್ಯಾಲಯ ಎಂದು ಹೇಳುವುದಿಲ್ಲ, ಅಲ್ಲಿರುವವರೆಲ್ಲ ಸಿಟ್ಟಿನ ಜನ. ಒಪ್ಪಂದ ಇಷ್ಟೇ: ಇಲ್ಲಿಂದ ಒಬ್ಬ ಅಧ್ಯಾಪಕರು ಒಂದು ವರ್ಷ ಅಲ್ಲಿಗೆ ಹೋಗಬೇಕು, ಅಲ್ಲಿಂದ ಒಬ್ಬರು ಇಲ್ಲಿಗೆ ಬರಬೇಕು. ಆದರೆ ಎಲ್ಲ ಕಾಲೇಜುಗಳಿಗೂ ಆ ಭಾಗ್ಯವಿಲ್ಲ. ಸಮಿತಿಯೊಂದು ಬಂದು ನೋಡಿ, ಯೋಗ್ಯ ಎಂದು ಮಾನ್ಯತೆ ಕೊಟ್ಟ ಕಾಲೇಜಿಗೆ ಮಾತ್ರ. ಆ ಕೆನಡಾದಲ್ಲಿ ಗೋಧಿಯ ರೋಗಗಳನ್ನು ನೋಡುವ ದೊಡ್ಡ ಪ್ರಯೋಗಶಾಲೆ ಇದೆ ಎಂದು ಅಂಜಿನಮ್ಮ ಓದಿಕೊಂಡಿದ್ದಳು. ಗೋಧಿಯನ್ನು ನೋಡುವ ಕಣ್ಣಿಗೆ ರಾಗಿ ಕಾಣದೇ ಹೋದೀತೇ? ಅವಳಿಗೆ ಅಲ್ಲಿಗೆ ಹೋಗಬೇಕು ಅನ್ನಿಸಿತು. ಜೀವನದಲ್ಲಿ ಬೇರೆ ಯಾವುದೂ ಅಷ್ಟು ಬೇಕು ಅನ್ನಿಸಿರಲಿಲ್ಲ.

ಸಮಿತಿ ಬರುವ ಸುದ್ದಿಯನ್ನು ಬೈಲಪ್ಪನವರಿಗೆ ತಲುಪಿಸಲು ಪ್ರಿನ್ಸಿಪಾಲ್ ವೆಂಕಟರಮಣಪ್ಪ ಮನೆಗೆ ಬಂದರು. ಒಳ್ಳೆಯ ಮನುಷ್ಯ, ಪಾಠ ಮಾಡಲು ನಿಂತರೆ ಹುಡುಗರು ಉಸಿರು ಬಿಗಿಹಿಡಿದು ಕೇಳಬೇಕು. ಆದರೆ ತನಗಿಂತ ಒಂದು ಮೆಟ್ಟಿಲು ಮೇಲಿದ್ದವರನ್ನು ಕಂಡರೆ ನಾಲಗೆ ಒಣಗಿಹೋಗುತ್ತಿತ್ತು. “ಎಸ್ ಸಾರ್” ಬಿಟ್ಟರೆ ಬೇರೆ ಮಾತು ಹೊರಡುತ್ತಿರಲಿಲ್ಲ. ಅಂದು ಜಗಲಿಯ ಮೇಲೆ ಕೂತು, ವಿನಿಮಯ, ಮಾನ್ಯತೆ, ಪರಿವೀಕ್ಷಣೆ ಎಂದು ಬಹಳ ಹೊತ್ತು ಒದ್ದಾಡಿದರು.

ಬೈಲಪ್ಪ ಬೀಡಿ ಆರಿಸಿ ಕೇಳಿದರು: “ಅಂದ್ರೆ ಮೇಷ್ಟ್ರೇ, ನಮ್ಮೋರನ್ನ ಒಬ್ರನ್ನ ಅವ್ರಿಗೆ ಕೊಡೋದು, ಅವ್ರೋರನ್ನ ಒಬ್ರನ್ನ ನಾವು ತರೋದು.”

“ಹಾಗೇ ಅನ್ಕೊಳ್ಳಿ ಯಜಮಾನ್ರೇ.”

“ಅದಕ್ಕೆ ಮುಂಚೆ ಅವ್ರು ಬಂದು ನಮ್ಮನ್ನ ನೋಡ್ತಾರೆ.”

“ಹೌದು.”

“ಅಲ್ಲಾ ಮೇಷ್ಟ್ರೇ, ಇದು ಕೊಟ್ಟು ತರೋ ಸಂಬಂಧ ಅಲ್ವೇ? ಇಷ್ಟು ಹೇಳೋಕೆ ಒಳ್ಳೆ ಊರೆಲ್ಲಾ ಸುತ್ತಿ ಬಂದ್ರಲ್ಲಾ!”

ಆ ಸೀಮೆಯಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ವ್ಯವಹಾರ. ನಮ್ಮ ಹುಡುಗಿ ನಿಮ್ಮ ಮನೆಗೆ, ನಿಮ್ಮ ಹುಡುಗಿ ನಮ್ಮ ಮನೆಗೆ. ಎರಡೂ ಕಡೆಯ ಹೆಣ್ಣುಮಕ್ಕಳು ಸುಖವಾಗಿರಲಿ ಎಂದು ಎರಡೂ ಮನೆಯವರು ಮರ್ಯಾದೆಯಿಂದ ನಡೆದುಕೊಳ್ಳುತ್ತಾರೆ. ಅದಕ್ಕೊಂದು ಕ್ರಮವೂ ಇತ್ತು. ನೋಡಲು ಬಂದವರಿಗೆ ತಿಂಡಿ ಕಾಫಿ ಕೊಡಬಹುದು, ಊಟ ಹಾಕುವ ಹಾಗಿಲ್ಲ. ಒಪ್ಪಿಗೆಯಾದ ಮೇಲೇ ಎಲೆ ಹಾಕಿ ಒಬ್ಬಟ್ಟು ಬಡಿಸುವುದು. ಉಂಡು ಎದ್ದವರು ವೀಳ್ಯ ತೆಗೆದುಕೊಂಡು, ತಾವೂ ಏನಾದರೂ ತಿರುಗಿ ಕೊಟ್ಟರೆ ಅದು ಒಪ್ಪು ವೀಳ್ಯ. ಅಲ್ಲಿಗೆ ಮಾತು ಮುಗಿಯಿತು, ಬ್ರಹ್ಮ ಬಂದರೂ ಬದಲಾಗದು.

ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಅಂಜಿನಮ್ಮ ನಗುತ್ತಾ ಹೊರಗೆ ಬಂದಳು. “ದೊಡ್ಡಪ್ಪಾ, ಅವರು ಹೆಣ್ಣು ನೋಡೋಕೆ ಬರ್ತಿಲ್ಲ. ಲೈಬ್ರರಿ ನೋಡೋಕೆ ಬರ್ತಿದ್ದಾರೆ.”

“ಏನಾದ್ರೂ ನೋಡ್ಲಿ ಕಣವ್ವಾ. ನೋಡೋ ಶಾಸ್ತ್ರ ನೋಡೋ ಶಾಸ್ತ್ರಾನೇ. ನೀನು ನೆಟ್ಟಗೆ ತಲೆ ಬಾಚ್ಕೊಂಡು ಬಾ, ಸಾಕು” ಎಂದರು ಬೈಲಪ್ಪ.

ಸಮಿತಿ ಬಂದದ್ದು ರಾಗಿ ತೆನೆ ತುಂಬಿದ ಕಾಲದಲ್ಲಿ. ಅಂಬಾಸಿಡರ್ ಕಾರಿನಿಂದ ಇಬ್ಬರು ಇಳಿದರು. ಒಬ್ಬರು ವಿಶ್ವವಿದ್ಯಾಲಯದ ಪ್ರೊಫೆಸರ್ ನರಹರಿರಾಯರು. ಆ ಧೂಳಿನಲ್ಲೂ ಕೋಟಿನ ಗುಂಡಿ ಬಿಚ್ಚದ ಆಸಾಮಿ. ಇನ್ನೊಬ್ಬರು ಕೆನಡಾದಿಂದ ಬಂದ ಡಾಕ್ಟರ್ ಹಾರ್ಪರ್, ನರೆಗೂದಲಿನ ಹೆಂಗಸು. ತಲೆಗೆ ಹುಲ್ಲಿನ ಟೋಪಿ, ಕಾಲಿಗೆ ದಪ್ಪ ಬೂಟು. ಅಷ್ಟು ದೂರದ ದೊಡ್ಡ ಮನುಷ್ಯರು ಎಂದರೆ ಗಂಡಸೇ ಬರುತ್ತಾರೆ ಎಂದುಕೊಂಡಿದ್ದ ಊರಿಗೆ ಊರೇ ಬಾಯಿ ಬಿಟ್ಟುಕೊಂಡು ನೋಡಿತು.

“ಬೀಗಿತ್ತಿ ವಯಸ್ಸಾದೋರು, ಒಳ್ಳೇದಾಯ್ತು” ಎಂದಳು ಸೊಣ್ಣಮ್ಮ.

ನೋಡುವ ಕೆಲಸ ಶುರುವಾಯಿತು. ಲೈಬ್ರರಿ ಎಂದರೆ ಎರಡು ಬೀರು. ನರಹರಿರಾಯರು ಬಾಗಿಲು ತೆಗೆದು ಮುಚ್ಚಿ “ಹ್ಞೂಂ” ಎಂದರು. ಪ್ರಯೋಗಶಾಲೆಯ ಒಂದೇ ಮೈಕ್ರೋಸ್ಕೋಪನ್ನು ನೋಡಿ ಮತ್ತೆ “ಹ್ಞೂಂ” ಎಂದರು. ಹಾಸ್ಟೆಲಿಗೆ ಗೋಡೆ ಎದ್ದಿತ್ತು, ಸೂರು ಇನ್ನೂ ಹಾಕಿಸಿರಲಿಲ್ಲ. ಗೋಡೆ ಖಾಲಿ ನಿಂತಿದೆಯಲ್ಲ ಎಂದು ಸೊಣ್ಣಮ್ಮ ಸೋರೆ ಬಳ್ಳಿ ಹಬ್ಬಿಸಿದ್ದಳು, ಕಾಯಿ ಜೋತಾಡುತ್ತಿದ್ದವು.

“ಏನ್ರೀ ಇದು, ಹಾಸ್ಟೆಲ್ಲೋ ತರಕಾರಿ ತೋಟಾನೋ?” ಎಂದು ರಾಯರು ಕೇಳಿದರು.

“ಎಸ್ ಸಾರ್” ಎಂದರು ವೆಂಕಟರಮಣಪ್ಪ.

ಅಂಜಿನಮ್ಮನಿಗೆ ಅಲ್ಲೇ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಡಾಕ್ಟರ್ ಹಾರ್ಪರ್ ಕಣ್ಣಿಗೆ ಹಿಂದಿನ ರಾಗಿ ಹೊಲ ಬಿತ್ತು. ಆ ಹೆಂಗಸು ಯಾರನ್ನೂ ಕೇಳದೆ ಬದು ದಾಟಿ, ಮಣ್ಣಿನಲ್ಲಿ ಮಂಡಿಯೂರಿ ಕೂತು, ಕಪ್ಪಾದ ತೆನೆಯೊಂದನ್ನು ಬೆರಳಲ್ಲಿ ಹಿಡಿದು ಏನೋ ಕೇಳಿದರು. ಅಂಜಿನಮ್ಮ ಉತ್ತರ ಹೇಳಿದಳು. ಅವರು ಇನ್ನೊಂದು ಕೇಳಿದರು. ಆಮೇಲೆ ಇಬ್ಬರೂ ಲೋಕ ಮರೆತರು. ಯಾವ ತಳಿಗೆ ಮೊದಲು ಬರುತ್ತದೆ, ಇಬ್ಬನಿ ಹೆಚ್ಚಾದರೆ ಏನಾಗುತ್ತದೆ, ಅವರೆ ಸಾಲು ಹಾಕಿದರೆ ಕಡಿಮೆಯಾಗುತ್ತದೋ ಇಲ್ಲವೋ ಎಂದು ಅಂಜಿನಮ್ಮ ಒಂದೇ ಸಮನೆ ಹೇಳಿದಳು. ಅವಳು ಇಂಗ್ಲಿಷಿನಲ್ಲಿ ಅಷ್ಟು ಮಾತಾಡಿದ್ದನ್ನು ಊರಿನವರು ಮೊದಲ ಸಲ ಕೇಳಿದ್ದು. ದೂರದಲ್ಲಿ ನಿಂತ ನರಹರಿರಾಯರು ಗಡಿಯಾರ ನೋಡಿಕೊಳ್ಳುತ್ತಿದ್ದರು.

ಇತ್ತ ಬೈಲಪ್ಪನವರ ಅಡುಗೆಮನೆಯಲ್ಲಿ ಒಬ್ಬಟ್ಟು ಬೆಂದು, ಸಾರು ಕುದಿದು, ಊಟದ ಎಲೆಗಳು ತೊಳೆದು ಸಿದ್ಧವಾಗಿದ್ದವು. ಸೊಣ್ಣಮ್ಮ ಸೌಟು ಹಿಡಿದು ಬಾಗಿಲಿಗೆ ಬಂದಳು.

“ಒಪ್ಪಿದ್ರಾ? ಎಲೆ ಹಾಕ್ಲಾ ಬೇಡ್ವಾ?”

ಬೈಲಪ್ಪ ಪ್ರಿನ್ಸಿಪಾಲರ ಕಡೆ ನೋಡಿದರು. “ಕೇಳಿ ಮೇಷ್ಟ್ರೇ.”

ಕಾಲೇಜು ಹಿಡಿಸಿತೇ ಎಂದು ಪ್ರೊಫೆಸರರನ್ನು ನೇರವಾಗಿ ಕೇಳುವುದೇ? ವೆಂಕಟರಮಣಪ್ಪನವರಿಗೆ ಬೆವರು ಕಿತ್ತುಕೊಂಡಿತು. ಹೇಗೋ ಮುಂದೆ ಹೋಗಿ “ಊಟ... ಸಾರ್?” ಎಂದರು, ಅಷ್ಟೇ. ನರಹರಿರಾಯರು ಹೊಟ್ಟೆ ಸರಿಯಿಲ್ಲ ಎಂದು ಕಾರಿನ ಕಡೆ ನಡೆದರು. ಆದರೆ ಹೊಲದಿಂದ ಹಸಿದು ಬಂದಿದ್ದ ಡಾಕ್ಟರ್ ಹಾರ್ಪರ್ ಊಟ ಎಂಬ ಮಾತು ಅರ್ಥವಾದದ್ದೇ ತಡ, ಬೂಟು ಕಳಚಿ ಒಳಗೆ ಬಂದು ಚಾಪೆಯ ಮೇಲೆ ಕೂತೇಬಿಟ್ಟರು.

ಬಡಿಸಿದ್ದನ್ನೆಲ್ಲ ಉಂಡರು. ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡು ಮತ್ತೊಂದು ಕೇಳಿದರು. ಕೊನೆಗೆ ಸೊಣ್ಣಮ್ಮ ಅರಿಶಿನ ಕುಂಕುಮ ಕೊಟ್ಟು, ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿಯ ವೀಳ್ಯ ನೀಡಿದಳು. ಆ ಹೆಂಗಸು ಎರಡೂ ಕೈಯೊಡ್ಡಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡರು. ಬರಿಗೈಯಲ್ಲಿ ಇರಬಾರದು ಅನ್ನಿಸಿತೋ ಏನೋ, ಚೀಲದಿಂದ ಒಂದು ಪೆಪ್ಪರ್‌ಮೆಂಟಿನ ಡಬ್ಬಿ ತೆಗೆದು, ಸೊಣ್ಣಮ್ಮ ಕೊಟ್ಟ ರೀತಿಯಲ್ಲೇ ಬಗ್ಗಿ, ಎರಡು ಕೈಯಲ್ಲಿ ಅವಳಿಗೆ ಕೊಟ್ಟರು.

ಪಡಸಾಲೆಯಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಪಕ್ಕದ ಮನೆಯ ಗಂಗಲಕ್ಷ್ಮಮ್ಮ ಅಂಜಿನಮ್ಮನ ಕೆನ್ನೆ ಹಿಂಡಿ “ಮುಗೀತು ಕಣೇ, ಗೊತ್ತಾಯ್ತು!” ಎಂದಳು.

ಅಂಜಿನಮ್ಮನಿಗೆ ಗೊತ್ತಿತ್ತು. ಆ ಹೆಂಗಸು ಹಸಿವಿಗೆ ಉಂಡರು, ಮರ್ಯಾದೆಗೆ ಡಬ್ಬಿ ಕೊಟ್ಟರು, ಅವರ ದೇಶದಲ್ಲಿ ಇದಕ್ಕೆ ಯಾವ ಅರ್ಥವೂ ಇಲ್ಲ. ಬಾಯಿ ಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. ಯಾಕೆ ಎಂದರೆ, ಅವಳ ಬಾಳಿನಲ್ಲಿ ನೋಡಲು ಬಂದವರು ಎಲೆಯ ಮುಂದೆ ಕೂತದ್ದು ಅದೇ ಮೊದಲು. ಅವಳಿಗೆ ಖುಷಿಯಾಗಿತ್ತು, ಆ ಖುಷಿಯನ್ನು ಕೈಯಾರೆ ಕೆಡಿಸಿಕೊಳ್ಳಲು ಮನಸ್ಸು ಬರಲಿಲ್ಲ.

ಮುಂದಿನ ದಿನಗಳ ಸಡಗರ ಏನು ಹೇಳಲಿ. ಮದುವೆ ಗೊತ್ತಾದ ಹುಡುಗಿಯನ್ನು ಕರೆಯುವ ಹಾಗೆ ಒಬ್ಬೊಬ್ಬರೂ ಅವಳನ್ನು ಮನೆಗೆ ಊಟಕ್ಕೆ ಕರೆದರು. ಆ ದೇಶದಲ್ಲಿ ಚಳಿ ಜಾಸ್ತಿಯಂತೆ ಎಂದು ಗಂಗಲಕ್ಷ್ಮಮ್ಮ ಹೊಸಕೋಟೆಯಿಂದ ಉಣ್ಣೆಯ ಟೋಪಿ ತರಿಸಿದಳು. ಖಾರವೇ ಇಲ್ಲದ ಊಟವಂತೆ ಎಂದು ಎದುರು ಮನೆಯ ಮುತ್ಯಾಲಮ್ಮ ಸಾರಿನ ಪುಡಿ ಕುಟ್ಟಿ ಡಬ್ಬಿಗೆ ತುಂಬಿದಳು. ಚಿಕ್ಕವೆಂಕಟಪ್ಪ ಜಡಿಗೇನಹಳ್ಳಿಯಿಂದ ಬಂದು ಮಗಳನ್ನು ಸುಮ್ಮನೆ ನೋಡುತ್ತಾ ಕೂತು, ಹೊರಡುವಾಗ “ಇನ್ನು ಗಂಡು ಹುಡುಕೋದು ನಿಲ್ಲಿಸ್ತೀನಿ ಬಿಡವ್ವಾ, ನೀನು ಬಂದ್ಮೇಲೆ ನೋಡಾನ” ಎಂದ. ಅಂಜಿನಮ್ಮ ಬೇಡ ಬೇಡ ಅನ್ನುತ್ತಲೇ ಎಲ್ಲವನ್ನೂ ಪೆಟ್ಟಿಗೆಗೆ ಹಾಕಿಟ್ಟುಕೊಂಡಳು. ಓದಿದವಳಾದರೆ ಏನಂತೆ, ಆಸೆ ಅನ್ನುವುದು ಸರ್ಟಿಫಿಕೇಟು ನೋಡಿ ಹಿಂದೆ ಸರಿಯುತ್ತದೆಯೇ?

ರಾಗಿ ಒಕ್ಕಣೆಯ ಹೊತ್ತಿಗೆ ವೆಂಕಟರಮಣಪ್ಪ ಹೊನ್ನೇನಹಳ್ಳಿಯ ಬೀದಿಯಲ್ಲಿ ತಲೆ ತಗ್ಗಿಸಿಕೊಂಡು ಬಂದರು. ಕಾಲೇಜಿಗೆ ಮಾನ್ಯತೆ ಇಲ್ಲವಂತೆ. ವಿದೇಶದ ಅತಿಥಿಯನ್ನು ಇಳಿಸಲು ಹಾಸ್ಟೆಲಿಲ್ಲ, ಲೈಬ್ರರಿ ಸಾಲದು ಎಂದು ವಿಶ್ವವಿದ್ಯಾಲಯ ಬರೆದಿತ್ತು.

ಅಂಜಿನಮ್ಮ ಯಾರ ಮುಖವನ್ನೂ ನೋಡದೆ ಕಣದ ಕಡೆ ನಡೆದಳು. ಹುಲ್ಲಿನ ಮೆದೆಯ ಹಿಂದೆ ಕೂತು ಜೋರಾಗಿ ಅತ್ತಳು. ತನ್ನ ಮೇಲೇ ಸಿಟ್ಟು ಬಂತು. ಗೊತ್ತಿದ್ದೂ ಗೊತ್ತಿದ್ದೂ ನಂಬಿದೆನಲ್ಲ, ಟೋಪಿ ಹಾಕಿಕೊಂಡು ಕನ್ನಡಿ ಬೇರೆ ನೋಡಿಕೊಂಡೆನಲ್ಲ ಎಂದು ಹಣೆ ಚಚ್ಚಿಕೊಂಡಳು.

ಅವಳು ಮನೆಗೆ ಬಂದಾಗ ಬೈಲಪ್ಪ ಪಂಚೆ ಬದಲಾಯಿಸಿ ಹೆಗಲ ಮೇಲೆ ವಲ್ಲಿ ಹಾಕಿಕೊಂಡು ನಿಂತಿದ್ದರು. ಮುಖ ಕೆಂಡವಾಗಿತ್ತು.

“ಬೇಡ ಅಂದ್ರೆ ಬೇಡ, ಅದು ಅವ್ರಿಷ್ಟ. ಆದ್ರೆ ಎಲೇಲಿ ಉಂಡು, ವೀಳ್ಯ ತಗೊಂಡು, ಆಮ್ಯಾಕೆ ಅಂಚೇಲಿ ಬೇಡ ಅನ್ನೋದಾ? ಇದ್ಯಾವ ಸೀಮೆ ನ್ಯಾಯ? ಮುರ್ಕೊಳ್ಳೋರು ಬಂದು, ವೀಳ್ಯ ವಾಪಸ್ ಕೊಟ್ಟು, ಕಾರಣ ಮುಖಕ್ಕೆ ಹೇಳಿ ಹೋಗ್ಬೇಕು. ಅವ್ರು ಬರ್ಲಿಲ್ಲ ಅಂದ್ರೆ ನಾವೇ ಹೋಗಿ ಕೇಳ್ಬೇಕು. ನಾಳೆ ಬೆಳಗಿನ ಬಸ್ಸಿಗೆ ಹೊರಡಾನ.”

“ದೊಡ್ಡಪ್ಪಾ, ಆ ಹೆಂಗಸಿಗೆ ಇದೆಲ್ಲ ಗೊತ್ತೇ ಇರ್ಲಿಲ್ಲ. ಅಲ್ಲಿ ಹೋದ್ರೆ ನಗ್ತಾರೆ. ನಾನು ಬರಲ್ಲ.”

ಸೊಣ್ಣಮ್ಮ ಒಳಗಿನಿಂದ ಪೆಪ್ಪರ್‌ಮೆಂಟಿನ ಡಬ್ಬಿ ತಂದಳು. ಮುಚ್ಚಳ ತೆಗೆದೇ ಇರಲಿಲ್ಲ. “ನಗೋರು ನಗ್ಲಿ. ಇದನ್ನ ವಾಪಸ್ ಕೊಡ್ಬೇಕು ತಾನೇ? ಅಂಜಿನೀ, ಇಷ್ಟು ಜನ ನಿನ್ನ ನೋಡಿ ಹೋದ್ರಲ್ಲ, ಒಬ್ಬನಾದ್ರೂ ತಿರುಗಿ ಬಂದು, ಇಂಥಾ ಕಾರಣಕ್ಕೆ ಬೇಡವ್ವಾ ಅಂದ್ನಾ? ಇವ್ರ ಬಾಯಿಂದಾದ್ರೂ ಕೇಳಾನ ಬಾ.”

ಅಂಜಿನಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಸ್ಸಿನ ವೇಳೆ ಕೇಳಿದಳು. ಮರುದಿನ ನಾಲ್ವರೂ ಬಸ್ಸು ಹತ್ತಿದರು. ನಾಲ್ಕನೆಯವರು ವೆಂಕಟರಮಣಪ್ಪ. ಜ್ವರ ಇದೆ ಎಂದು ಹೇಳಿ ನೋಡಿದರು, ಬೈಲಪ್ಪ ಹಣೆ ಮುಟ್ಟಿ ನೋಡಿ ಬಸ್ಸಿಗೆ ಹತ್ತಿಸಿಕೊಂಡರು.

ವಿಶ್ವವಿದ್ಯಾಲಯದಲ್ಲಿ ನರಹರಿರಾಯರ ಕೋಣೆಗೆ ಹೋದರೆ, ಇನ್ನೂ ತಮ್ಮ ದೇಶಕ್ಕೆ ಮರಳದಿದ್ದ ಡಾಕ್ಟರ್ ಹಾರ್ಪರ್ ಕೂಡ ಅಲ್ಲೇ ಕೂತಿದ್ದರು. ಬಾಗಿಲಲ್ಲಿ ವಲ್ಲಿ ಹೊದ್ದ ಹಿರಿಯ, ಡಬ್ಬಿ ಹಿಡಿದ ಹೆಂಗಸು, ಎತ್ತರದ ಅಧ್ಯಾಪಕಿ, ಅವರ ಹಿಂದೆ ಅರ್ಧ ಅಡಗಿದ ಪ್ರಿನ್ಸಿಪಾಲ್ ಇಷ್ಟು ಜನವನ್ನು ಕಂಡು ರಾಯರ ಹುಬ್ಬು ಮೇಲೇರಿತು.

“ಏನ್ರೀ ವೆಂಕಟರಮಣಪ್ಪ, ಇದೇನು ಆಫೀಸೋ ಛತ್ರವೋ? ನಿರ್ಧಾರ ಆಗಿಹೋಗಿದೆ. ಏನಿದ್ರೂ ಬರವಣಿಗೇಲಿ ಕೊಡಿ.”

ವೆಂಕಟರಮಣಪ್ಪನವರ ತುಟಿ ಅಲ್ಲಾಡಿತು, ಸದ್ದು ಬರಲಿಲ್ಲ. ಡಾಕ್ಟರ್ ಹಾರ್ಪರ್ ಮಾತ್ರ ಸೊಣ್ಣಮ್ಮನನ್ನು ಗುರುತು ಹಿಡಿದು, ನಗುತ್ತಾ ಎದ್ದು ಬಂದರು. ಸೊಣ್ಣಮ್ಮ ನಗಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟು ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.

“ಹೇಳವ್ವಾ. ನಮ್ಮ ವೀಳ್ಯ ವಾಪಸ್ ಕೊಡ್ಬೇಕಂತೆ ಅನ್ನು. ಕಾರಣ ಹೇಳ್ಬೇಕಂತೆ ಅನ್ನು” ಎಂದರು ಬೈಲಪ್ಪ.

ಅಂಜಿನಮ್ಮ ಕ್ಷಮೆ ಕೇಳುತ್ತಲೇ ಶುರು ಮಾಡಿದಳು. ಹಳ್ಳಿಯವರು, ತಪ್ಪು ತಿಳಿಯಬೇಡಿ, ನಮ್ಮ ಕಡೆ ಇದೊಂದು ಪದ್ಧತಿ ಎಂದಳು. ಪದ್ಧತಿಯನ್ನು ಬಿಡಿಸಿ ಹೇಳುತ್ತಾ ಹೇಳುತ್ತಾ ಅವಳ ದನಿ ಬೇರೆಯಾಯಿತು. ಎಲೆಯ ಮುಂದೆ ಕೂತರೆ ಏನರ್ಥ, ವೀಳ್ಯ ಹಿಡಿದರೆ ಏನರ್ಥ, ಆಮೇಲೆ ಊರೆಲ್ಲ ತನ್ನನ್ನು ಹೇಗೆ ಕರೆದು ಉಣ್ಣಿಸಿತು, ಎಲ್ಲ ಹೇಳಿದಳು. “ಬೇಡ ಅಂದದ್ದಕ್ಕೆ ಇವರು ಬಂದಿಲ್ಲ ಮೇಡಂ. ನೋಡಿ ಹೋದವರು ಮುಖಕ್ಕೆ ಹೇಳಲಿಲ್ಲ, ಅದಕ್ಕೆ ಬಂದಿದ್ದಾರೆ. ನೋಡಿಸಿಕೊಂಡವರಿಗೆ ಅಷ್ಟಾದರೂ ಸಿಗಬೇಕು” ಎಂದು ಮುಗಿಸಿದಾಗ ಅವಳು ಕ್ಷಮೆಯ ಮಾತೇ ಮರೆತಿದ್ದಳು. ಆ ಮಾತು ಬೈಲಪ್ಪ ಹೇಳಿದ್ದೋ ಅವಳದೇ ಸ್ವಂತದ್ದೋ ಅವಳಿಗೂ ತಿಳಿಯಲಿಲ್ಲ.

ಡಾಕ್ಟರ್ ಹಾರ್ಪರ್ ನಿಧಾನವಾಗಿ ಕುರ್ಚಿಯಲ್ಲಿ ಕೂತರು. “ಇದನ್ನು ನನಗೆ ಯಾರೂ ಹೇಳಲಿಲ್ಲ. ವೀಳ್ಯ ವಾಪಸ್ ಕೊಡಲು ನನ್ನ ಹತ್ತಿರ ಇಲ್ಲ. ತೆಂಗಿನಕಾಯಿ ತಿಂದುಬಿಟ್ಟೆ.”

ಅಂಜಿನಮ್ಮ ಅದನ್ನು ಕನ್ನಡದಲ್ಲಿ ಹೇಳಿದಳು.

“ತಿಂದ್ಬಿಟ್ರಾ!” ಬೈಲಪ್ಪನವರ ಸಿಟ್ಟಿನ ಮುಖದಲ್ಲಿ ನಗು ಹೊರಟೇಬಿಟ್ಟಿತು. “ಹಂಗಾದ್ರೆ ಮುರಿಯೋ ಹಂಗೇ ಇಲ್ಲವಲ್ಲ ಕಣವ್ವಾ!”

ನರಹರಿರಾಯರು ಮಧ್ಯೆ ಬಾಯಿ ಹಾಕಿದರು. “ನೋಡಿ ಯಜಮಾನರೇ, ಕಾರಣ ಬೇಕು ತಾನೇ? ಹೇಳ್ತೀನಿ, ಮುಖಕ್ಕೇ ಹೇಳ್ತೀನಿ. ನಿಮ್ಮ ಹಾಸ್ಟೆಲಿಗೆ ಸೂರಿಲ್ಲ. ಲೈಬ್ರರೀಲಿ ಪುಸ್ತಕ ಇಲ್ಲ. ಅವರ ಕಡೆಯವರು ಬಂದ್ರೆ ಎಲ್ಲಿ ಇರ್ಬೇಕು, ಏನು ಓದ್ಬೇಕು? ಮಾನ್ಯತೆ ಪಟ್ಟಿ ಬದಲಾಗಲ್ಲ.”

“ದಿಟ” ಎಂದರು ಬೈಲಪ್ಪ. “ಸೂರಿಲ್ಲ, ಸುಳ್ಳು ಯಾಕೆ ಹೇಳಾನ. ಬರೋ ವರ್ಷ ಹಾಕಿಸ್ತೀವಿ. ಕುಂದು ಹೇಳಿದ್ರಿ, ನಮ್ಗೆ ಅಷ್ಟೇ ಬೇಕಾಗಿತ್ತು, ಕೈ ಮುಗೀತೀನಿ. ಇನ್ನು ನಾನೊಂದು ಕೇಳ್ತೀನಿ. ಕೊಟ್ಟು ತರೋ ಸಂಬಂಧ ಅಂದ್ಮ್ಯಾಕೆ ಅವ್ರು ನಮ್ಮ ಮನೆ ನೋಡಿದ್ರು. ಅವ್ರ ಮನೆ ನೋಡಿದೋರು ಯಾರು?”

ಅಂಜಿನಮ್ಮ ಇಂಗ್ಲಿಷಿನಲ್ಲಿ ಹೇಳಿದಳು.

ಡಾಕ್ಟರ್ ಹಾರ್ಪರ್ ರಾಯರ ಕಡೆ ತಿರುಗಿದರು. ಎರಡೂ ಕಡೆಯವರು ಪರಸ್ಪರ ನೋಡಬಹುದು ಎಂದು ಒಪ್ಪಂದದಲ್ಲಿ ಇದೆಯಲ್ಲ, ನೀವು ಯಾರನ್ನು ಕಳಿಸಿದಿರಿ ಎಂದು ಕೇಳಿದರು.

ರಾಯರಿಗೆ ಗಾಬರಿಯಾಯಿತು. “ಅಷ್ಟು ದೊಡ್ಡ ವಿಶ್ವವಿದ್ಯಾಲಯ! ಅದನ್ನ ನಾವು ಪರೀಕ್ಷೆ ಮಾಡೋದೇ? ನಾವು ಹಾಗೇ ಒಪ್ಪಿದ್ವಿ.”

“ದೊಡ್ಡೋರ ಮನೆ ಅಂತ ನೋಡ್ದೇನೇ ಕೊಟ್ಟು, ಕಣ್ಣೀರು ಹಾಕ್ತಿರೋ ಹೆಣ್ಣುಮಕ್ಕಳು ನಮ್ಮೂರಲ್ಲೇ ಅವ್ರೆ ಸ್ವಾಮಿ” ಎಂದರು ಬೈಲಪ್ಪ. “ಈ ಹುಡುಗಿ ಒಂದು ವರ್ಷ ಅಲ್ಲಿರ್ಬೇಕಾಗಿತ್ತು. ಬರೋ ವರ್ಷ ಇನ್ನೊಬ್ಬರ ಮನೆ ಮಗು ಹೋಗ್ತದೆ. ಅಲ್ಲಿ ಏನೈತೆ ಏನಿಲ್ಲ ಅಂತ ಒಬ್ರಾದ್ರೂ ಹೋಗಿ ಕಣ್ತುಂಬ ನೋಡ್ಕೊಂಡು ಬರ್ಬೇಡ್ವಾ?”

ಅಂಜಿನಮ್ಮನ ಇಂಗ್ಲಿಷ್ ಕೇಳುತ್ತಾ ಡಾಕ್ಟರ್ ಹಾರ್ಪರ್ ಮೊದಲು ನಕ್ಕರು, ಆಮೇಲೆ ನಗುವುದನ್ನು ಬಿಟ್ಟರು. ಬರಬೇಕು, ಖಂಡಿತ ಬರಬೇಕು ಎಂದರು. ಪಟ್ಟಿಯನ್ನು ತಾವು ಬದಲಾಯಿಸಲಾರರಂತೆ, ನೋಡಲು ಬರುವವರಿಗೆ ಅವರ ಕಡೆಯಿಂದಲೇ ಆಹ್ವಾನ ಕೊಡಬಲ್ಲರಂತೆ. ಬಂದವರು ಅರ್ಧ ದಿನ ನೋಡಿ ಹೋಗಬಾರದು, ಅರ್ಧ ದಿನದಲ್ಲಿ ನೋಡಿ ಹೋದ ತಪ್ಪನ್ನು ತಾವೇ ಮಾಡಿದ್ದಾರಂತೆ. ಪಾಠದ ಒಂದು ಪೂರ್ತಿ ಅವಧಿ, ಅಂದರೆ ಕೆಲವು ತಿಂಗಳು, ಅಲ್ಲೇ ಇದ್ದು, ತರಗತಿ, ಲೈಬ್ರರಿ, ಹಾಸ್ಟೆಲು ಎಲ್ಲ ನೋಡಲಿ, ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿಯೇ ನೋಡಲಿ, ಕುಂದಿದ್ದರೆ ಹೇಳಲಿ ಎಂದರು. ಕೊನೆಗೆ ಕೇಳಿದರು: “ನಿಮ್ಮ ಕಡೆಯಿಂದ ಯಾರು ಬರುತ್ತಾರೆ?”

ಪ್ರಯೋಗಶಾಲೆ ಎಂಬ ಮಾತನ್ನು ಅಂಜಿನಮ್ಮ ಕನ್ನಡದಲ್ಲಿ ಎರಡು ಸಲ ಹೇಳಿದಳು. ಹೇಳಿ ಮುಗಿಸಿ ಬೈಲಪ್ಪನವರ ಮುಖ ನೋಡಿದಳು. ಅವರು ಆಗಲೇ ವಲ್ಲಿ ಸರಿಮಾಡಿಕೊಂಡು, ಮೀಸೆ ತೀಡಿಕೊಂಡು, ನೆಟ್ಟಗೆ ನಿಂತುಬಿಟ್ಟಿದ್ದರು.

“ಮನೆ ನೋಡೋಕೆ ಹುಡುಗಿ ಹೋಗೋ ಪದ್ಧತಿ ಇಲ್ಲ. ಮನೆಗೆ ಹಿರೀಕರು ಯಾರೋ ಅವ್ರೇ ಹೋಗ್ಬೇಕು. ಹೇಳವ್ವಾ” ಎಂದರು.

ಅದು ಸುಳ್ಳಲ್ಲ. ಯಾವ ಹುಡುಗಿಯೂ ತಾನು ಸೇರುವ ಮನೆಯನ್ನು ಮುಂಚೆ ಹೋಗಿ ನೋಡಿದ್ದಿಲ್ಲ. ಬಾಗಿಲು ತೆರೆದ ಹಾಗೆ ತೆರೆದು ಮುಚ್ಚಿತಲ್ಲ ಎಂದುಕೊಂಡಳು. ಬೇಕಿದ್ದರೆ ಬೇರೆ ಏನಾದರೂ ಹೇಳಬಹುದಿತ್ತು. ಆ ಕೋಣೆಯಲ್ಲಿ ಅವಳು ಹೇಳಿದ್ದೇ ಬೈಲಪ್ಪನವರ ಮಾತು. ನರಹರಿರಾಯರು ಕತ್ತು ಆಚೆ ಹಾಕಿ ಕೂತಿದ್ದರು, ವೆಂಕಟರಮಣಪ್ಪ ನೆಲ ನೋಡುತ್ತಿದ್ದರು. ಆದರೂ ಅವಳು ಒಂದಕ್ಷರ ಬಿಡದೆ, ಹೇಳಿದ ಹಾಗೆಯೇ ಹೇಳಿದಳು.

ಡಾಕ್ಟರ್ ಹಾರ್ಪರ್ ಗಂಭೀರವಾಗಿ ತಲೆಯಾಡಿಸಿ ಬೈಲಪ್ಪನವರನ್ನು ನೋಡಿದರು. “ಹಾಗಾದರೆ ನೀವೇ?”

ಆ ಮಾತಿಗೆ ಅನುವಾದ ಬೇಕಾಗಲಿಲ್ಲ. ಬೈಲಪ್ಪ ಉತ್ತರ ಕೊಡಲು ಬಾಯಿ ತೆರೆದರು. ಪಕ್ಕದಲ್ಲಿದ್ದ ಸೊಣ್ಣಮ್ಮ ಗಂಡನ ಮುಖವನ್ನೇ ನೋಡುತ್ತಾ ನಿಂತಳು. ಬೈಲಪ್ಪ ಹೆಂಡತಿಯನ್ನು ನೋಡಿದರು, ಅಂಜಿನಮ್ಮನನ್ನು ನೋಡಿದರು. ಅವಳು ಕಣ್ಣು ಕೆಳಗೆ ಮಾಡಿರಲಿಲ್ಲ, ತುಂಬಿದ ಕಣ್ಣಲ್ಲೇ ಅವರ ಉತ್ತರಕ್ಕೆ ಕಾಯುತ್ತಿದ್ದಳು. ಬೈಲಪ್ಪ ಬಿಟ್ಟ ಬಾಯಿ ಮುಚ್ಚಿದರು. ಮೀಸೆಯ ಮೇಲಿದ್ದ ಕೈ ಇಳಿಯಿತು.

“ನಂಗೂ ಆಸೆ ಐತೆ ಕಣವ್ವಾ, ಇಲ್ಲ ಅನ್ನಲ್ಲ. ವಿಮಾನ ಹತ್ಬೇಕು, ಆ ಮಂಜು ಅಂತಾರಲ್ಲ, ಅದು ಬೀಳೋದನ್ನ ನೋಡ್ಬೇಕು. ಆದ್ರೆ ಹೊನ್ನೇನಹಳ್ಳಿ ಕಡೆಯಿಂದ ನೋಡೋಕೆ ಹೋದೋರಿಗೆ ನೋಡಿದ್ದು ಏನು ಅಂತ ತಿಳೀಬೇಕು. ಹಿಡಿಸಿದ್ರೆ ಹಿಡಿಸ್ತು, ಇಲ್ಲದಿದ್ರೆ ಇಲ್ಲ ಅಂತ ಅವ್ರ ಮುಂದೆ ನಿಂತು ಹೇಳ್ಬೇಕು. ಇವತ್ತು ಹಂಗೆ ಹೇಳಿದ್ದು ನಾನಲ್ಲ, ನೀನು.” ಅವಳ ಕಡೆ ಕೈ ತೋರಿಸಿ ಹೇಳಿದರು: “ನಮ್ಮ ಮನೆಗೆ ಹಿರೀಕಳು ಅಂಜಿನಮ್ಮ. ಅವಳು ಬರ್ತಾಳೆ. ಹೇಳು ಅವ್ರಿಗೆ.”

ಅಂಜಿನಮ್ಮ ಹೇಳಲು ಹೊರಟಳು. “ಅವರು ಹೇಳುತ್ತಿದ್ದಾರೆ” ಎಂಬಷ್ಟು ಇಂಗ್ಲಿಷ್ ಬಂತು. ಮುಂದಿನದು ಬರಲಿಲ್ಲ. ಮತ್ತೆ ಶುರು ಮಾಡಿದಳು, ಮತ್ತೆ ಅಲ್ಲೇ ನಿಂತಿತು. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ತಲೆ ಅಲ್ಲಾಡಿಸಿದಳು, ಆಗುವುದಿಲ್ಲ ಎಂದು.

ಆಗ ಬಸ್ಸು ಹತ್ತಿದಾಗಿನಿಂದ ಒಂದು ಮಾತೂ ಆಡದಿದ್ದ ವೆಂಕಟರಮಣಪ್ಪ ಅವಳ ಹಿಂದಿನಿಂದ ಈಚೆ ಬಂದರು. ನರಹರಿರಾಯರ ಮೇಜಿಗೆ ಅಂಗೈ ಊರಿ, ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ದನಿಯಲ್ಲಿ, ತಡವರಿಸದೆ ಇಂಗ್ಲಿಷಿನಲ್ಲಿ ಹೇಳಿದರು: “ಮೇಡಂ, ಇವರು ಹೇಳುತ್ತಿರುವುದು ಇಷ್ಟು. ನಮ್ಮ ಮನೆಗೆ ಹಿರಿಯರು ಈಕೆ. ನಿಮ್ಮನ್ನು ನೋಡಲು ಈಕೆ ಬರುತ್ತಾರೆ. ನಿಮ್ಮ ಮನೆಯನ್ನು ಚೆನ್ನಾಗಿ ಅಣಿ ಮಾಡಿಟ್ಟುಕೊಳ್ಳಿ.”

ಡಾಕ್ಟರ್ ಹಾರ್ಪರ್ ಎದ್ದು, ತಾವು ಕೂತಿದ್ದ ಕುರ್ಚಿಯನ್ನೇ ಎಳೆದು ತಂದು ಅಂಜಿನಮ್ಮನಿಗೆ ಕೊಟ್ಟರು.